ಕಾರ್ಟ್‌ನಲ್ಲಿ ಆಲಿಯಾ ಸೀರೆ, ಟ್ರಂಕ್‌ನಲ್ಲಿ ಅಜ್ಜಿ ಸೀರೆ

ಮೊದಲೇ ಒಪ್ಪಿಕೊಂಡುಬಿಡ್ತೀನಿ. ನಾನು ದೊಡ್ಡಬಳ್ಳಾಪುರದ ಮಗ್ಗದ ಮನೆ ಹುಡುಗಿ. ಲಾಳಿ ಓಡಾಡುವ ಟಕಟಕ ಸದ್ದು ಕೇಳದಿದ್ದರೆ ಚಿಕ್ಕಂದಿನಲ್ಲಿ ನನಗೆ ನಿದ್ದೆಯೇ ಬರ್ತಿರಲಿಲ್ಲ. ಕರೆಂಟ್ ಹೋಗಿ ಮಗ್ಗ ನಿಂತಾಗ ಎಚ್ಚರವಾಗುತ್ತಿತ್ತು. ಸ್ಕೂಲ್‌ನಿಂದ ಬಂದು ಹೋಂವರ್ಕ್‌ಗೆ ಮುಂಚೆ ಕಂಡಿಕೆ ಸುತ್ತಿದವಳು. ಅಂಥ ನಾನು, ನನ್ನ ಮದುವೆಗೆ ಸೀರೆಯನ್ನು ಕಂಪನಿ ಕ್ಯಾಬ್‌ನಲ್ಲಿ ಕೂತು, ಫೋನಿನಲ್ಲಿ, ಮೂರು ಕಂತಿನಲ್ಲಿ ದುಡ್ಡು ಕಟ್ಟುವ ಲೆಕ್ಕದಲ್ಲಿ ಆರ್ಡರ್ ಮಾಡಿದೆ.

ಬೆಲೆ 18,500 ರೂಪಾಯಿ. ಇವತ್ತಿನವರೆಗೆ ಉಟ್ಟಿರುವುದು ಒಂದೇ ಸಲ.

ಯಾಕೆ ಹಾಗೆ ಮಾಡಿದೆ ಅಂತ ಆಗ ಯಾರಾದರೂ ಕೇಳಿದ್ದರೆ "ಇಷ್ಟ ಆಯ್ತು, ತಗೊಂಡೆ" ಅಂತಿದ್ದೆ. ಈಗ ಕೇಳಿದರೆ ಉತ್ತರ ಸ್ವಲ್ಪ ಉದ್ದ ಇದೆ. ನಿಮ್ಮ ಕಾರ್ಟ್‌ನಲ್ಲೂ ಯಾರದ್ದೋ ಮದುವೆ ಫೋಟೋ ನೋಡಿ ಹಾಕಿದ ಸೀರೆಯೋ ಕುರ್ತಾನೋ ಕಾಯುತ್ತಾ ಕೂತಿದ್ದರೆ, ಇದನ್ನು ಓದಿ ಆಮೇಲೆ ಬಟನ್ ಒತ್ತಿ.

ಆ ಒಂದು ಫೋಟೋ

2022ರ ಏಪ್ರಿಲ್ 14. ಆಲಿಯಾ ಭಟ್ ಮದುವೆ. ಮುಂಬೈನ ಮನೆಯ ಬಾಲ್ಕನಿಯಲ್ಲಿ ನಡೆದ ಮದುವೆಯ ಫೋಟೋಗಳು ಸಂಜೆ ಹೊತ್ತಿಗೆ ಎಲ್ಲರ ಫೋನಿನಲ್ಲೂ ಇದ್ದವು. ಕೆಂಪು ಲೆಹೆಂಗಾ ಇಲ್ಲ, ಮೈತುಂಬ ಹೊಳಪಿಲ್ಲ. ಸಬ್ಯಸಾಚಿ ಮಾಡಿಕೊಟ್ಟ ಐವರಿ ಬಣ್ಣದ ಆರ್ಗಾಂಜಾ ಸೀರೆ, ಅದರ ಮೇಲೆ ಸಣ್ಣ ಕಸೂತಿ ಕೆಲಸ, ತಲೆ ಮೇಲೆ ತೆಳ್ಳಗಿನ ಟಿಶ್ಯೂ ಬಟ್ಟೆ. ನಾನು ಆಗ ದೇವನಹಳ್ಳಿ ಕಡೆ ಏರ್‌ಪೋರ್ಟ್ ಹತ್ತಿರದ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ನನಗಿನ್ನೂ ಗಂಡು ಕೂಡ ನೋಡಿರಲಿಲ್ಲ. ಆದರೂ ಆ ಫೋಟೋನ ಸೇವ್ ಮಾಡಿಟ್ಟುಕೊಂಡೆ. "ನನ್ನ ಮದುವೆಗೆ ಹಿಂಗೇ" ಅಂತ ಗೆಳತಿಯರ ಗ್ರೂಪ್‌ಗೂ ಹಾಕಿದೆ.

ಸೇವ್ ಮಾಡಿದ್ದಷ್ಟೇ ನನ್ನ ತಪ್ಪು. ಉಳಿದದ್ದನ್ನು ಫೋನ್ ನೋಡಿಕೊಂಡಿತು. ಮರುದಿನದಿಂದಲೇ "ಅದೇ ಲುಕ್, ಕಡಿಮೆ ಬೆಲೆಗೆ" ಅನ್ನೋ ರೀಲ್‌ಗಳು ಬರೋಕೆ ಶುರು. ಒಂದನ್ನು ಪೂರ್ತಿ ನೋಡಿದೆ, ಹತ್ತು ಬಂದವು.

ಡಿಸೆಂಬರ್‌ನಲ್ಲಿ ನನ್ನ ಮದುವೆ ಗೊತ್ತಾಯ್ತು. 2023ರ ಮೇ, ವಿಧಾನಸಭೆ ಚುನಾವಣೆ ಮುಗಿದ ಮೇಲಿನ ಮುಹೂರ್ತ. ಮಾರ್ಚ್‌ನಲ್ಲಿ ಒಂದು ರಾತ್ರಿ ಊಟ ಆದ ಮೇಲೆ ಅಪ್ಪ ಕೇಳಿದರು. "ಮಗ್ಗದ ಮೇಲಿರೋ ಹಾಸು ಇನ್ನು ಹದಿನೈದು ದಿನಕ್ಕೆ ಮುಗೀತದೆ. ಆಮೇಲೆ ನಮ್ಮದೇ ಒಂದು ಹಾಸು ಹಾಕ್ತೀನಿ. ನಿಂದು ಧಾರೆ ಸೀರೆಗೆ ಹೊಕ್ಕು ಯಾವ ಬಣ್ಣ ಹಾಕಲಿ?"

ಗೊತ್ತಿಲ್ಲದವರಿಗೆ: ಸೀರೆಯಲ್ಲಿ ಉದ್ದಕ್ಕೆ ಹೋಗುವ ಎಳೆ ಹಾಸು, ಅಡ್ಡ ಹೋಗುವ ಎಳೆ ಹೊಕ್ಕು. ಒಂದು ಹಾಸಿನಲ್ಲಿ ಸಾಲಾಗಿ ಹಲವು ಸೀರೆ ಬರುತ್ತವೆ. ಹೊಕ್ಕಿನ ಬಣ್ಣ ಬದಲಾಯಿಸಿದರೆ ಸೀರೆಯ ಬಣ್ಣವೂ ಬದಲಾಗುತ್ತದೆ. ನಮ್ಮ ಮನೆಯಲ್ಲಿ ನೇಯುವುದು ಹೆಚ್ಚಾಗಿ ಕೂಲಿಗೆ. ರೇಷ್ಮೆ, ಜರಿ, ಡಿಸೈನ್ ಎಲ್ಲಾ ಕೊಟ್ಟವರದ್ದು. ಕೈ ನಮ್ಮದು, ಸೀರೆಗಿಷ್ಟು ಅಂತ ಲೆಕ್ಕ. "ನಮ್ಮದೇ ಹಾಸು" ಅಂದರೆ ಅಪ್ಪ ತಮ್ಮ ಕೈಯಿಂದ ದುಡ್ಡು ಹಾಕಿ ರೇಷ್ಮೆ ತರಬೇಕು. ಲಾಕ್‌ಡೌನ್ ಆದ ಮೇಲೆ ಅವರು ಆ ಮಾತು ಆಡಿದ್ದೇ ಅವತ್ತು. ಎರಡು ಮಗ್ಗದಲ್ಲಿ ಒಂದನ್ನು 2021ರಲ್ಲಿ ಗುಜರಿಯವರಿಗೆ ತೂಕಕ್ಕೆ ಕೊಟ್ಟಾಗಿತ್ತು.

ನಾನು ಫೋನಿನಿಂದ ತಲೆ ಎತ್ತದೇ ಹೇಳಿದೆ. "ಬೇಡಪ್ಪ, ನಾನೇ ಒಂದು ನೋಡ್ಕೊಂಡಿದ್ದೀನಿ."

ಅಪ್ಪ "ಸರಿ ಕಣಮ್ಮ" ಅಂದರು. ಮಾರನೆಯ ವಾರ ಸಾಹುಕಾರರ ಇನ್ನೊಂದು ಹಾಸು ಒಪ್ಪಿಕೊಂಡರು.

ಬೆಂಕಿಕಡ್ಡಿ

ಸೀರೆ ಬಂದದ್ದು ಮದುವೆಗೆ ಮೂರು ವಾರ ಇರುವಾಗ. ಬಾಕ್ಸ್ ಎಷ್ಟು ಚೆನ್ನಾಗಿತ್ತೆಂದರೆ ಅಮ್ಮ ಅದನ್ನು ಇವತ್ತಿಗೂ ಬಳೆ ಇಡೋಕೆ ಇಟ್ಟುಕೊಂಡಿದ್ದಾರೆ. ಒಳಗೆ ಸೀರೆ, ಒಂದು ಥ್ಯಾಂಕ್ಯೂ ಕಾರ್ಡು, ಒಣಗಿದ ಹೂವು. "ಪ್ಯೂರ್ ಸಿಲ್ಕ್ ಆರ್ಗಾಂಜಾ" ಅಂತ ಪೇಜ್‌ನಲ್ಲಿ ಬರೆದಿದ್ದರು. ಕುಚ್ಚು ಕಟ್ಟಲು ಬಂದಿದ್ದ ಪಕ್ಕದ ಮನೆ ಅಕ್ಕ ಅಪೆರಲ್ ಪಾರ್ಕಿನ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಬೆಲೆ ಕೇಳಿ, "ನನ್ನ ಒಂದೂವರೆ ತಿಂಗಳ ಸಂಬಳ ಕಣೇ" ಅಂದರು. ಆಮೇಲೆ ಹೊಲಿಗೆ ತಿರುಗಿಸಿ ನೋಡಿ ಸುಮ್ಮನಾದರು.

ಅಪ್ಪ ಕೈ ಒರೆಸಿಕೊಂಡು ಬಂದು ಸೆರಗನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿದರು. ತುದಿಯಲ್ಲಿ ಸಡಿಲವಾಗಿದ್ದ ಒಂದು ಎಳೆ ಎಳೆದು, ಹಜಾರದ ಬಾಗಿಲ ಹತ್ತಿರ ಹೋಗಿ ಬೆಂಕಿಕಡ್ಡಿ ಗೀರಿದರು.

ರೇಷ್ಮೆಯ ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ, ಮುದುರಿ, ತುದಿಯಲ್ಲಿ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು ಏಳು ವರ್ಷದವಳಿದ್ದಾಗಿಂದ ನೋಡಿದ್ದೆ. ಅಪ್ಪನ ಅಂಗೈ ಮೇಲೆ ಸಾಸಿವೆಗಿಂತ ಸಣ್ಣದಾದ ಕಪ್ಪು ಮಣಿಯೊಂದು ಕೂತಿತ್ತು.

ಅವರು ಬೈಯಲಿಲ್ಲ. "ಬಣ್ಣ ಚೆನ್ನಾಗದೆ" ಅಂದು ಮಗ್ಗದ ಕೋಣೆಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ವಾಪಸ್ ಕೊಡೋಣ ಅಂದರೆ "ಸೇಲ್‌ನಲ್ಲಿ ತಗೊಂಡಿದ್ದು, ರಿಟರ್ನ್ ಇಲ್ಲ" ಅಂತ ಮೆಸೇಜ್ ಬಂತು. ಮತ್ತೆ ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ಹೊಸದಾಗಿ ನೇಯೋಣ ಅಂದರೆ ಮಗ್ಗದ ಮೇಲೆ ಸಾಹುಕಾರರ ಮರೂನ್ ಹಾಸು. ಅದನ್ನು ಮಧ್ಯದಲ್ಲಿ ಇಳಿಸೋಕಾಗಲ್ಲ.

ಅಜ್ಜಿಯ ಟ್ರಂಕ್

ಕೊನೆಗೆ ಅಮ್ಮ ಅಟ್ಟದಿಂದ ಕಬ್ಬಿಣದ ಟ್ರಂಕ್ ಇಳಿಸಿದರು. ಬೇವಿನ ಸೊಪ್ಪಿನ ಪುಡಿ, ಹಳೇ ಪಂಚೆ, ಅದರೊಳಗೆ ಅಜ್ಜಿಯ ಧಾರೆ ಸೀರೆ. ಕೆನೆ ಬಣ್ಣದ ಒಡಲು, ಕೆಂಪು ಅಂಚು. ನಮ್ಮ ಹಳೇ ಮೈಸೂರು ಕಡೆ ಎಷ್ಟೋ ಮನೆಗಳಲ್ಲಿ ಧಾರೆಗೆ ಉಡುತ್ತಿದ್ದದ್ದು ಇದನ್ನೇ, ಬಿಳಿ ಅಥವಾ ಕೆನೆ ಬಣ್ಣದ ಸೀರೆ, ಕೆಂಪಂಚು.

ನಾನು ನೆಲದ ಮೇಲೆ ಕೂತುಬಿಟ್ಟೆ. ಐವರಿ. ಒಂದು ವರ್ಷ ಫೋನಿನಲ್ಲಿ ಹುಡುಕಿದ ಬಣ್ಣ ನಮ್ಮ ಅಟ್ಟದಲ್ಲೇ ಇತ್ತು. ಸುಮ್ಮನೆ "ಐವರಿ ಬ್ರೈಡಲ್" ಅಂತ ಯಾರೂ ಅದಕ್ಕೆ ಹೆಸರಿಟ್ಟಿರಲಿಲ್ಲ ಅಷ್ಟೇ.

ಮಡಿಕೆ ಇದ್ದ ಕಡೆ ಎರಡು ಜಾಗದಲ್ಲಿ ಬಟ್ಟೆ ಸೀಳಿತ್ತು. ಅಮ್ಮ ಒಳಗಡೆಯಿಂದ ಹತ್ತಿಬಟ್ಟೆ ಕೊಟ್ಟು ಹೊಲಿದರು. ಧಾರೆಗೆ ಅದನ್ನುಟ್ಟೆ. ಆರತಕ್ಷತೆಗೆ 18,500ರ ಸೀರೆ ಉಟ್ಟೆ.

ಇಲ್ಲಿ ಸುಳ್ಳು ಹೇಳಲ್ಲ. ಆವತ್ತು ಸಂಜೆ ನನಗೆ ಖುಷಿಯಾಗಿತ್ತು. ಲೈಟ್ ಕೆಳಗೆ ಆ ಸೀರೆ ಚೆನ್ನಾಗೇ ಕಾಣಿಸಿತು. ಆಫೀಸಿನವರೆಲ್ಲ "ಥೇಟ್ ಆಲಿಯಾ" ಅಂದರು. ಆಲ್ಬಂನಲ್ಲಿ ಇವತ್ತಿಗೂ ಧಾರೆ ಫೋಟೋಗಿಂತ ಆರತಕ್ಷತೆ ಫೋಟೋಗೇ ಹೆಚ್ಚು ಲೈಕ್ ಇದೆ. ಫೋಟೋದಲ್ಲಿ ರೇಷ್ಮೆಗೂ ಪಾಲಿಯೆಸ್ಟರ್‌ಗೂ ವ್ಯತ್ಯಾಸ ಗೊತ್ತಾಗಲ್ಲ. ಗೊತ್ತಾಗಿದ್ದು ನನ್ನ ಮೈಗೆ. ಮೇ ತಿಂಗಳ ಸೆಕೆಯಲ್ಲಿ ಮೂರು ಗಂಟೆ ಆ ಸೀರೆಯಲ್ಲಿ ನಿಂತು ಬೆನ್ನೆಲ್ಲ ಬೆವರುಸಾಲೆ ಎದ್ದಿತ್ತು.

ನಾವು ಯಾರನ್ನೋ ನೋಡಿ ಬಟ್ಟೆ ಕೊಳ್ಳುವಾಗ ಆಗುವ ಎಡವಟ್ಟು ಇದೇ ಅಂತ ನನಗನ್ನಿಸುತ್ತದೆ. ನಮ್ಮ ಕೈಗೆ ಸಿಗೋದು ಒಂದು ಚಿತ್ರ. ಆ ಬಟ್ಟೆಯ ತೂಕ, ತಂಪು, ಅದನ್ನು ಯಾರು ಕೊಟ್ಟರು, ಯಾರು ನೇಯ್ದರು, ಇದ್ಯಾವುದೂ ಚಿತ್ರದ ಜೊತೆ ಬರಲ್ಲ.

ದೀಪಿಕಾ ಸೀರೆ ಯಾರದ್ದು?

ಇದಕ್ಕೆ ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ ಇದೆ. 2018ರ ನವೆಂಬರ್‌ನಲ್ಲಿ ದೀಪಿಕಾ ಪಡುಕೋಣೆ ಮದುವೆ ಇಟಲಿಯ ಲೇಕ್ ಕೋಮೊದಲ್ಲಿ ನಡೆಯಿತು. ಕೊಂಕಣಿ ಶಾಸ್ತ್ರಕ್ಕೆ ಉಟ್ಟ ಸೀರೆಯ ಫೋಟೋ ಬಂದ ಕೂಡಲೇ ಎಲ್ಲರೂ ಅದನ್ನು ಸಬ್ಯಸಾಚಿ ಸೀರೆ ಅಂತಲೇ ಹಂಚಿಕೊಂಡರು. ಕೆಲವು ದಿನಕ್ಕೆ ಆ ಸಂಸ್ಥೆಯೇ ಸ್ಪಷ್ಟನೆ ಕೊಟ್ಟಿತು: ಕೊಂಕಣಿ ಪದ್ಧತಿಯಲ್ಲಿ ಮದುಮಗಳ ಸೀರೆಯನ್ನು ತಾಯಿ ಕೊಡಬೇಕು, ಇದನ್ನು ಕೊಟ್ಟವರು ದೀಪಿಕಾ ಅಮ್ಮ ಉಜ್ಜಲಾ ಪಡುಕೋಣೆ, ಸೀರೆ ಬೆಂಗಳೂರಿನ ಅಂಗಡಿ ಮನೆತನದ 'ಅದ್ವಯ'ದ್ದು.

ಅಂದರೆ ಪ್ರಪಂಚವೆಲ್ಲ ನೋಡಿದ ಆ ಸೀರೆ ಒಬ್ಬ ಅಮ್ಮ ನಮ್ಮೂರಲ್ಲಿ ಕೊಂಡು ಮಗಳಿಗೆ ಕೊಟ್ಟಿದ್ದು. ಆಮೇಲೆ ಅದರ ನಕಲು ಕೊಂಡ ಎಷ್ಟು ಜನರಿಗೆ ಅಮ್ಮ ಕೊಟ್ಟ ಸೀರೆ ಅನ್ನೋದು ಗೊತ್ತಿತ್ತೋ! ಗೊತ್ತಿದ್ದಿದ್ದರೆ ಕೆಲವರಾದರೂ "ಅಮ್ಮಾ, ನನಗೆ ನೀನೇ ಒಂದು ಆರಿಸಿಕೊಡು" ಅಂತಿದ್ದರೇನೋ. ನನ್ನಪ್ಪ "ಹೊಕ್ಕು ಯಾವ ಬಣ್ಣ ಹಾಕಲಿ" ಅಂತ ಕೇಳಿದಾಗ ನಾನು ತಲೆ ಎತ್ತಿ ನೋಡ್ತಿದ್ದೆನೇನೋ.

ಚಿಕ್ಕಪೇಟೆಯಿಂದ ಬರುವ ಫೋಟೋ

ಸಿನಿಮಾ ನೋಡಿ ಬಟ್ಟೆ ತಗೊಳ್ಳೋದು ನಮ್ಮ ಕಾಲದ ಹೊಸ ರೋಗವೇನಲ್ಲ. 1973ರ 'ಬಾಬಿ' ಬಂದಾಗ ಚುಕ್ಕೆ ಬಟ್ಟೆ, 1989ರಲ್ಲಿ 'ಚಾಂದನಿ' ಬಂದಾಗ ಶ್ರೀದೇವಿ ಉಟ್ಟಂಥ ಶಿಫಾನ್, 1994ರಲ್ಲಿ 'ಹಮ್ ಆಪ್ಕೇ ಹೈ ಕೌನ್' ಬಂದಾಗ ಮಾಧುರಿಯ ನೇರಳೆ ಸೀರೆ. ಅಮ್ಮ ಇದನ್ನೆಲ್ಲ ಹೇಳುವಾಗ ಕಣ್ಣು ಹೊಳೆಯುತ್ತದೆ. ಹುಡುಗರೇನು ಕಮ್ಮಿ ಇರಲಿಲ್ಲ. ವಿಷ್ಣುವರ್ಧನ್ ಕೈಯಲ್ಲಿದ್ದಂಥ ಕಡಗ ನಮ್ಮ ಮಾವನ ಕೈಯಲ್ಲಿ ಇವತ್ತಿಗೂ ಇದೆ.

ಬದಲಾಗಿರೋದು ವೇಗ. ಆಗ ಸಿನಿಮಾ ನಮ್ಮೂರ ಟಾಕೀಸಿಗೆ ಬಂದು, ಅಮ್ಮ ನೋಡಿ, ದೀಪಾವಳಿಗೋ ಯುಗಾದಿಗೋ ಅಂಗಡಿಗೆ ಹೋಗಿ, ಬಟ್ಟೆ ಮುಟ್ಟಿ, ಚೌಕಾಸಿ ಮಾಡಿ ತರುವಷ್ಟರಲ್ಲಿ ತಿಂಗಳುಗಳು ಆಗುತ್ತಿದ್ದವು. ಅಷ್ಟರಲ್ಲಿ ಅರ್ಧ ಆಸೆ ತಣ್ಣಗಾಗುತ್ತಿತ್ತು. ಈಗ ಫೋಟೋ ನೋಡೋದಕ್ಕೂ ದುಡ್ಡು ಕಟ್ಟೋದಕ್ಕೂ ನಡುವೆ ಒಂದು ನಿಮಿಷ ಇಲ್ಲ.

ಆ ವೇಗ ಮಗ್ಗಕ್ಕೂ ಬರುತ್ತದೆ. ಚಿಕ್ಕಪೇಟೆಯ ವ್ಯಾಪಾರಿಯಿಂದ ಸಾಹುಕಾರರಿಗೆ, ಅಲ್ಲಿಂದ ಅಪ್ಪನ ವಾಟ್ಸ್ಆ್ಯಪ್‌ಗೆ ಯಾರೋ ನಟಿಯ ಫೋಟೋ. "ಈ ಬಣ್ಣ, ಈ ಅಂಚು, ಬೇಗ." ರಟ್ಟಿನ ಕಾರ್ಡಿಗೆ ತೂತು ಹೊಡೆದು ಡಿಸೈನ್ ಮಾಡುವ ಹಳೇ ಜಕಾರ್ಡ್‌ನಲ್ಲಿ ಹೊಸ ಅಂಚು ಅಂದರೆ ಹೊಸ ಕಾರ್ಡಿನ ಕಟ್ಟು. ಅದರ ಖರ್ಚು, ಅದರ ಕಾಯುವಿಕೆ. ಹಾಸಿಗೆ ಬಣ್ಣ ಹಾಕಿಸಿ, ಮಗ್ಗಕ್ಕೇರಿಸಿ, ನೇಯ್ದು ಮುಗಿಸುವಷ್ಟರಲ್ಲಿ "ಆ ಬಣ್ಣ ಈಗ ಓಡ್ತಿಲ್ಲ" ಅಂತ ಫೋನ್ ಬಂದದ್ದೂ ಇದೆ. ಅಷ್ಟರಲ್ಲಿ ಅದೇ ಡಿಸೈನ್ ಸೂರತ್ತಿನ ವೇಗದ ಮಗ್ಗಗಳಿಂದ, ಕಡಿಮೆ ಬೆಲೆಯ ನೂಲಿನಲ್ಲಿ, ನಮ್ಮೂರ ಅಂಗಡಿಗೇ ಬಂದು ಕೂತಿರುತ್ತದೆ ಅನ್ನೋದು ದೊಡ್ಡಬಳ್ಳಾಪುರದ ನೇಕಾರರ ದೊಡ್ಡ ಸಂಕಟ. ಇನ್ನು ಅಪ್ಪ ನೇಯ್ದ ಒಳ್ಳೇ ಸೀರೆ? "ಇಲ್ಲಿಂದ ಹೋದ ಮೇಲೆ ಅದಕ್ಕೆ ಯಾವ ಊರ ಹೆಸರು ಅಂಟುತ್ತೋ ನಮಗೇನು ಗೊತ್ತು" ಅಂತಾರೆ. ಚಿತ್ರ ಓಡುತ್ತದೆ, ಊರಿನ ಹೆಸರು ಹಿಂದೆ ಉಳಿಯುತ್ತದೆ.

ಹೆಸರು ಜೊತೆಗೆ ಬಂದಾಗ

ಹಾಗಂತ ಸೆಲೆಬ್ರಿಟಿಗಳನ್ನು ನೋಡಲೇಬಾರದು ಅಂತ ನಾನು ಹೇಳ್ತಿಲ್ಲ. 2023ರ ಫೆಬ್ರವರಿ 1ರಂದು ನಿರ್ಮಲಾ ಸೀತಾರಾಮನ್ ಬಜೆಟ್ ಮಂಡಿಸಲು ಬಂದಾಗ ಉಟ್ಟಿದ್ದು ಕೆಂಪು ಇಳಕಲ್ ಸೀರೆ, ಅದರ ಮೇಲೆ ಧಾರವಾಡದ ಕೈ ಕಸೂತಿ. ಆ ದಿನ ಟೀವಿಯಲ್ಲಿ ಬಜೆಟ್ ಜೊತೆಗೆ ಇಳಕಲ್ ಹೆಸರು, ಕಸೂತಿ ಹೆಸರು ದೇಶಕ್ಕೆಲ್ಲ ಕೇಳಿಸಿತು. ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ, ಎರಡೂ ಕಡೆ ಒಂದೇ ಥರ ಕಾಣುವ ಹಾಗೆ ಹಾಕುವ ಹೊಲಿಗೆ ಅದು. ಉತ್ತರ ಕರ್ನಾಟಕದ ನನ್ನ ಸಹೋದ್ಯೋಗಿಯೊಬ್ಬಳು ಮರುದಿನ ಅಮ್ಮನ ಇಳಕಲ್ ಸೀರೆ ಉಟ್ಟು ಆಫೀಸಿಗೆ ಬಂದಳು. ಅಲ್ಲಿಯವರೆಗೆ ಅದು "ಊರ ಸೀರೆ" ಅಂತ ಬೀರುವಿನಲ್ಲೇ ಇತ್ತಂತೆ.

ಪಂಚೆಯ ಕತೆಯೂ ಅಷ್ಟೇ. ಡಾ. ರಾಜ್‌ಕುಮಾರ್ ಬಿಳಿ ಪಂಚೆ, ಬಿಳಿ ಶರ್ಟಿನಲ್ಲೇ ಎಲ್ಲಾ ಕಡೆ ಕಾಣಿಸಿಕೊಳ್ಳುತ್ತಿದ್ದವರು. 2022ರ ಸೆಪ್ಟೆಂಬರ್ ಕೊನೆಗೆ 'ಕಾಂತಾರ' ಬಂದ ಮೇಲೆ ರಿಷಬ್ ಶೆಟ್ಟಿ ಪಂಚೆಯುಟ್ಟು ಊರೂರು ಸುತ್ತಿದರು. ಆ ವರ್ಷ ನಮ್ಮ ಆಫೀಸಿನ ಎಥ್ನಿಕ್ ಡೇಗೆ, ಮೊದಲೆಲ್ಲ ಬಾಡಿಗೆ ಶೆರ್ವಾನಿ ತರುತ್ತಿದ್ದ ಹುಡುಗರು ಪಂಚೆಯಲ್ಲಿ ಬಂದರು. ಅರ್ಧ ಜನರದ್ದು ವೆಲ್ಕ್ರೋ ಪಂಚೆ. ನನ್ನ ತಮ್ಮ ಮಾತ್ರ ಅಪ್ಪನ ಹತ್ತಿರ ಉಡೋದು ಕಲಿತು ಹೋಗಿದ್ದ. ಈಗ ಗೃಹಪ್ರವೇಶ, ನಾಮಕರಣ, ಯಾವುದಕ್ಕೂ ಅವನದ್ದು ಅದೇ.

ನೋಡಿ ಕಲಿಯೋದರಲ್ಲಿ ತಪ್ಪಿಲ್ಲ. ಇಬ್ಬರಲ್ಲಿ ಯಾರದ್ದು ಉಳಿಯಿತು ಅಂತ ಕೇಳಿದರೆ, ಐವರಿ ಸೀರೆ ಕೊಂಡ ಅಕ್ಕನದ್ದಲ್ಲ, ಪಂಚೆ ಉಟ್ಟ ತಮ್ಮನದ್ದು. ಅವನು ನೋಡಿದ್ದು ಸಿನಿಮಾದಲ್ಲಾದರೂ ತಗೊಂಡಿದ್ದು ಮನೆಯಿಂದ.

ಬೆರಳು ಯಾಕೆ ಒತ್ತುತ್ತೆ?

ಸಾವಕಾಶವಾಗಿ ಕೂತು ಯೋಚಿಸಿದಾಗ ನನ್ನ ಬೆರಳನ್ನು ಒತ್ತಿಸಿದ ನಾಲ್ಕು ವಿಷಯ ಕಂಡವು.

ಒಂದು, ದೊಡ್ಡ ಬೆಲೆ. ಅಸಲಿ ಸೀರೆಗೆ ಲಕ್ಷಗಟ್ಟಲೆ ಅಂತ ಮೊದಲೇ ಓದಿರುತ್ತೇವೆ. ಆ ಲಕ್ಷದ ಪಕ್ಕದಲ್ಲಿ 18,500 ಇಟ್ಟರೆ ಅಗ್ಗ ಅನಿಸುತ್ತದೆ. ಅಪ್ಪನ ಒಂದು ಸೀರೆಯ ಕೂಲಿಯ ಪಕ್ಕ ಇಟ್ಟಿದ್ದರೆ ಹಾಗೆ ಅನಿಸುತ್ತಿರಲಿಲ್ಲ.

ಎರಡು, ಕಂತು. 18,500 ಅಂತ ಕಾಣದೆ ತಿಂಗಳಿಗೆ ಆರು ಸಾವಿರದ ಚಿಲ್ಲರೆ ಅಂತ ಕಂಡಿತು. ಮದುವೆಯಾದ ಮೇಲೂ ಒಂದು ಕಂತು ಕಟ್ಟಿದೆ. ಅಷ್ಟೊತ್ತಿಗೆ ಸೀರೆ ಬೀರು ಸೇರಿತ್ತು.

ಮೂರು, "ಕೊನೇ 2 ಪೀಸ್". ಮದುವೆಯಾಗಿ ಒಂದು ವರ್ಷ ಆದ ಮೇಲೂ ಆ ಪೇಜ್‌ನಲ್ಲಿ ಅದೇ ಸೀರೆಯ ಕೊನೇ 2 ಪೀಸ್ ಉಳಿದಿದ್ದವು.

ನಾಲ್ಕು, ರೀಲ್‌ನಲ್ಲಿದ್ದ ಹುಡುಗಿ. ನಮ್ಮಂಥದ್ದೇ ಮನೆ, ನಮ್ಮಂಥದ್ದೇ ಮಾತು. ಅವಳು ಹೊಗಳಿದ್ದು ದುಡ್ಡು ತಗೊಂಡೋ ಸುಮ್ಮನೆಯೋ ನನಗೆ ಗೊತ್ತಾಗಲಿಲ್ಲ. ಇದಕ್ಕೆ ನಿಯಮ ಇದೆ. ದುಡ್ಡೋ ಉಚಿತ ವಸ್ತುವೋ ಪಡೆದು ಹೊಗಳಿದರೆ ಅದನ್ನು ಸ್ಪಷ್ಟವಾಗಿ ಹೇಳಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ.

ಬಟನ್ ಒತ್ತುವ ಮುಂಚೆ

ನನ್ನ 18,500 ರೂಪಾಯಿ ಫೀಸ್ ಕಟ್ಟಿ ಕಲಿತ ಪಾಠ ಇದು. ನಿಮಗೆ ಪುಕ್ಕಟೆ.

1. ಪದ ನೋಡಿ. "ಆರ್ಟ್ ಸಿಲ್ಕ್" ಅಂದರೆ ಕಲೆಯ ರೇಷ್ಮೆ ಅಲ್ಲ, ಕೃತಕ ರೇಷ್ಮೆ. "ಸಿಲ್ಕಿ", "ಸಿಲ್ಕ್ ಫೀಲ್", "ಸಿಲ್ಕ್ ಬ್ಲೆಂಡ್" ಇವ್ಯಾವೂ ಶುದ್ಧ ರೇಷ್ಮೆ ಅಲ್ಲ. ಕೃತಕ ರೇಷ್ಮೆ ಉಡಬಾರದು ಅಂತಲ್ಲ, ಅದಕ್ಕೆ ರೇಷ್ಮೆಯ ಬೆಲೆ ಕೊಡಬಾರದು.

2. ಗುರುತು ಕೇಳಿ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದ ಸಿಲ್ಕ್ ಮಾರ್ಕ್ 2004ರಿಂದ ಇದೆ. ಅದು ಹೇಳೋದು ನೂಲು ಶುದ್ಧ ರೇಷ್ಮೆ ಅಂತ ಮಾತ್ರ. ಕೈಮಗ್ಗದ್ದು ಅನ್ನೋದಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆ. ಅಪ್ಪನದ್ದು ವಿದ್ಯುತ್ ಮಗ್ಗ, ಹಾಗಾಗಿ ಅವರ ರೇಷ್ಮೆ ಸೀರೆಗೆ ಮೊದಲನೆಯದು ಸಿಗಬಹುದು, ಎರಡನೆಯದು ಸಿಗಲ್ಲ. ವಿದ್ಯುತ್ ಮಗ್ಗ ಅಂದ ಕೂಡಲೇ ಮೂಗು ಮುರೀಬೇಡಿ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಕಾರ್ಖಾನೆಯ ಮೈಸೂರು ಸಿಲ್ಕ್ ಸೀರೆಯೂ ವಿದ್ಯುತ್ ಮಗ್ಗದಲ್ಲೇ ತಯಾರಾಗೋದು. ಕೈಮಗ್ಗ ಅಂತ ಹೇಳಿ ವಿದ್ಯುತ್ ಮಗ್ಗದ್ದು ಮಾರಿದರೆ ಅದು ಮೋಸ.

3. ಒಂದು ಎಳೆ ಸುಡಿ. ಸೀರೆ ಬಂದ ದಿನವೇ ತುದಿಯ ಸಡಿಲ ಎಳೆ ತೆಗೆದು, ಸೀರೆಯಿಂದ ದೂರ ಹೋಗಿ, ತಟ್ಟೆಯ ಮೇಲೆ ಸುಟ್ಟು ನೋಡಿ. ಪುಡಿಯಾದರೆ ಸರಿ, ಮಣಿಯಾದರೆ ಮಾತಾಡಿ. ಹಾಸು, ಹೊಕ್ಕು ಎರಡರದ್ದೂ ನೋಡಬೇಕು. ಕೆಲವೊಮ್ಮೆ ಒಂದು ಅಸಲಿ, ಇನ್ನೊಂದು ನಕಲಿ ಇರುತ್ತದೆ.

4. ಸಾಕ್ಷಿ ಇಟ್ಟುಕೊಳ್ಳಿ. ಪೇಜ್‌ನ ವಿವರದ ಸ್ಕ್ರೀನ್‌ಶಾಟ್, ಬಿಲ್, ಬಾಕ್ಸ್ ಬಿಚ್ಚುವ ವಿಡಿಯೊ. ಮೋಸ ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನನಗೆ ಈ ನಂಬರ್ ಗೊತ್ತಾಗಿದ್ದು ತಡವಾಗಿ. ಅಷ್ಟೊತ್ತಿಗೆ ನನ್ನ ಹತ್ತಿರ ಸ್ಕ್ರೀನ್‌ಶಾಟೂ ಇರಲಿಲ್ಲ.

5. ಎಷ್ಟು ಸಲ? ಇದನ್ನು ಇನ್ನು ಯಾವ ಮೂರು ದಿನ ಉಡ್ತೀನಿ ಅಂತ ಹೆಸರಿಟ್ಟು ಹೇಳೋಕಾಗುತ್ತಾ ನೋಡಿ. ಆಗದಿದ್ದರೆ ಎರಡು ದಿನ ಬಿಟ್ಟು ಮತ್ತೆ ನೋಡಿ. ಸಾಮಾನ್ಯವಾಗಿ ಮರೆತೇ ಹೋಗಿರುತ್ತೆ.

6. ಅಟ್ಟ ನೋಡಿ. ಕಾರ್ಟ್‌ಗಿಂತ ಮುಂಚೆ.

ಕೊನೆಗೊಂದು ಸೀರೆ

2023ರ ಅಕ್ಟೋಬರ್ 17. ಆಲಿಯಾ ಭಟ್ 'ಗಂಗೂಬಾಯಿ ಕಾಠಿಯಾವಾಡಿ'ಗೆ ರಾಷ್ಟ್ರಪ್ರಶಸ್ತಿ ತಗೊಳ್ಳೋಕೆ ದೆಹಲಿಗೆ ಬಂದರು. ಉಟ್ಟಿದ್ದು ಅದೇ ಮದುವೆ ಸೀರೆ. ಅವರ ಹತ್ತಿರ ಇಲ್ಲದ ಬಟ್ಟೆಯೇ? ಆದರೂ ಇದ್ದದ್ದನ್ನೇ ತೆಗೆದು ಉಟ್ಟರು. ನಾನು ಕ್ಯಾಬ್‌ನಲ್ಲಿ ಆ ಫೋಟೋ ನೋಡಿ ಒಬ್ಬಳೇ ನಕ್ಕೆ. ನನ್ನ ನಕಲು ಆಗಲೇ ಅಂಚಿನಲ್ಲಿ ಪಿಸಿದು ಬೀರುವಿನ ಮೂಲೆ ಸೇರಿತ್ತು. ಅವರಿಂದ ನಕಲು ಮಾಡಬೇಕಾಗಿದ್ದ ಒಂದು ವಿಷಯವನ್ನು ಮಾತ್ರ ನಾನು ಮಾಡೋಕಾಗಲಿಲ್ಲ.

ಆದರೆ ಇನ್ನೊಂದು ಸೀರೆ ಇದೆ. ಮದುವೆಯಾದ ಮೇಲೆ ಆಷಾಢ ಬಂತು, ಆ ವರ್ಷ ಶ್ರಾವಣದಲ್ಲಿ ಅಧಿಕ ಮಾಸ ಬೇರೆ. ವ್ಯಾಪಾರ ಇಲ್ಲ, ಸಾಹುಕಾರರ ಹಾಸೂ ಇಲ್ಲ. ಮಗ್ಗ ಸುಮ್ಮನೆ ನಿಂತಿತ್ತು. ತವರಿಗೆ ಬಂದಿದ್ದ ನಾನು ಅಪ್ಪನ ಮುಂದೆ ಕೂತೆ. ಫೋನ್ ಒಳಗಿಟ್ಟು ಬಂದಿದ್ದೆ.

"ಅಪ್ಪಾ, ನಮ್ಮದೇ ಹಾಸು ಹಾಕ್ತೀಯಾ? ರೇಷ್ಮೆ ದುಡ್ಡು ನಾನು ಕೊಡ್ತೀನಿ."

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೊಕ್ಕು ಯಾವ ಬಣ್ಣ?" ಅಂದರು.

ಕೆನೆ ಬಣ್ಣದ ಹಾಸು, ಅಜ್ಜಿಯ ಸೀರೆಯಲ್ಲಿದ್ದಂಥ ಕೆಂಪಂಚು. ನನ್ನದಕ್ಕೆ ಕೆನೆ ಹೊಕ್ಕು, ಉಳಿದವಕ್ಕೆ ಬೇರೆ ಬೇರೆ ಬಣ್ಣ. ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ನನ್ನ ಸ್ಟೇಟಸ್ ನೋಡಿ ಆಫೀಸಿನವರು ಕೆಲವನ್ನು ಕೊಂಡರು. ಸ್ಟೇಟಸ್‌ನಲ್ಲಿ ನಾನು ಯಾವ ನಟಿಯ ಹೆಸರೂ ಹಾಕಲಿಲ್ಲ. "ದೊಡ್ಡಬಳ್ಳಾಪುರದ ಸೀರೆ. ನೇಯ್ದವರು ನಮ್ಮಪ್ಪ" ಅಂತ ಬರೆದೆ. ಎರಡು ಮಾತ್ರ ತುಂಬ ದಿನ ಉಳಿದವು, ಕೊನೆಗೆ ಒಂದು ನಮ್ಮತ್ತೆಗೆ, ಒಂದು ಪಕ್ಕದ ಮನೆ ಅಕ್ಕನಿಗೆ ಹೋಯ್ತು. ಅಕ್ಕ ಕಂತಿನಲ್ಲಿ ಕೊಟ್ಟರು. ಈ ಕಂತಿಗೆ ಬಡ್ಡಿ ಇಲ್ಲ, ಫೋನೂ ಬರಲ್ಲ.

ಇದರಿಂದ ಅಪ್ಪನ ಕಷ್ಟ ತೀರಿತು ಅಂದರೆ ಸುಳ್ಳಾಗುತ್ತೆ. ಮಗ್ಗ ಮತ್ತೆ ಕೂಲಿ ನೇಯ್ಗೆಗೆ ಮರಳಿತು. ಗುಜರಿಗೆ ಹೋದ ಮಗ್ಗದ ಜಾಗದಲ್ಲಿ ಈಗ ತಮ್ಮನ ಬೈಕ್ ನಿಲ್ಲುತ್ತದೆ. ಒಬ್ಬ ಮಗಳು ಒಂದು ಸೀರೆ ಕೊಂಡರೆ ಒಂದು ಊರಿನ ಮಗ್ಗಗಳು ಉಳಿಯಲ್ಲ ಅಂತ ನನಗೂ ಗೊತ್ತು.

ಆದರೂ ಆ ಕೆನೆ ಬಣ್ಣದ ಸೀರೆಯನ್ನು ನಾನು ಇದುವರೆಗೆ ಒಂಬತ್ತು ಸಲ ಉಟ್ಟಿದ್ದೀನಿ. ಗೆಳತಿಯರ ಮದುವೆಗೆ, ಘಾಟಿ ಸುಬ್ರಹ್ಮಣ್ಯಕ್ಕೆ, ನನ್ನದೇ ಸೀಮಂತಕ್ಕೆ. ಪ್ರತಿ ಸಲ ಯಾರಾದರೂ ಒಬ್ಬರು ಸೆರಗು ಮುಟ್ಟಿ ನೋಡಿ, "ಎಲ್ಲಿ ತಗೊಂಡ್ರಿ? ಲಿಂಕ್ ಕಳಿಸಿ" ಅಂತಾರೆ.

ಲಿಂಕ್ ಇಲ್ಲ. ಅಪ್ಪನ ನಂಬರ್ ಕಳಿಸ್ತೀನಿ.